ಹಂಗಾಮು ಕಾಲಂನಲ್ಲಿ ‘ರಂಜಾನ್’ ಎಂದು ಬರೆದವಳಿಂದ

ರೈತರ ನೇರ ಮಾರಾಟ ಸಂತೆಯ ಹಂಗಾಮಿ ಉಸ್ತುವಾರಿ ಅಧಿಕಾರಿಗಳಿಗೆ,

ಮಾನ್ಯರೇ,

ಮಾರ್ಚ್ ಹದಿನೈದರ ಭಾನುವಾರ, ರಂಜಾನ್ ಹಬ್ಬಕ್ಕೆ ಇನ್ನು ಆರೇ ದಿನ ಇರುವಾಗ, ತಮ್ಮ ಸಿಬ್ಬಂದಿ ನನ್ನ ಹಸಿರು ಚೀಟಿಯನ್ನು ತೆಗೆದುಕೊಂಡು, ಸಂತೆಯ ಮೂವತ್ತೊಂದನೇ ಕಟ್ಟೆಯಿಂದ ನನ್ನನ್ನು ಎಬ್ಬಿಸಿ ಕಳಿಸಿದರು. ಹಸಿರು ಚೀಟಿ ಎಂದರೆ ಏನೆಂದು ತಮಗೆ ಗೊತ್ತು. ಪತ್ರಿಕೆ ಓದುವ ಇತರರಿಗೂ ಗೊತ್ತಾಗಲಿ. ‘ಇವರು ತಾವು ಬೆಳೆದದ್ದನ್ನು ತಾವೇ ಮಾರುವ ರೈತರು’ ಎಂದು ತಮ್ಮ ಕಚೇರಿ ಮೊಹರು ಹಾಕಿ ಕೊಡುವ ಗುರುತು ಅದು. ಅದಿದ್ದರೆ ಸಂತೆಯೊಳಗೆ ಕಟ್ಟೆ, ಇಲ್ಲದಿದ್ದರೆ ಗೇಟಿನ ಹೊರಗೆ. ಹತ್ತು ದಿನವಾದ ಮೇಲೆ ಕೈಗೆ ಬಂದ ತಮ್ಮ ಹಿಂಬರಹದಲ್ಲಿ ಹೀಗಿದೆ:

“ಸದರಿ ಅರ್ಜಿದಾರರು ಹಂಗಾಮು ಕಾಲಂನಲ್ಲಿ ‘ರಂಜಾನ್’ ಎಂದು ನಮೂದಿಸಿರುತ್ತಾರೆ. ರಂಜಾನ್ ಎಂಬುದು ಹಂಗಾಮು ಆಗಿರುವುದಿಲ್ಲ. ಸದರಿ ತಿಂಗಳಲ್ಲಿ ಪುದೀನಾ, ಕೊತ್ತಂಬರಿ, ಸೌತೆ ಬೆಳೆಗಳು ಸದರಿ ಹೋಬಳಿಯಲ್ಲಿ ಬೆಳೆಯುವುದಾಗಿ ಬೆಳೆ ಪಟ್ಟಿಯಲ್ಲಿ ಕಂಡುಬಂದಿರುವುದಿಲ್ಲ. ಆದಕಾರಣ ಸದರಿಯವರನ್ನು ಹೊರಗಿನಿಂದ ಮಾಲು ತಂದು ಮಾರುವ ವ್ಯಾಪಾರಿ ಎಂದು ಪರಿಗಣಿಸಿ ಚೀಟಿಯನ್ನು ರದ್ದುಪಡಿಸಲಾಗಿದೆ.”

ಈ ಹಿಂಬರಹವನ್ನು ನಾನು ನಾಲ್ಕು ಸಲ ಓದಿದೆ. ಮೊದಲ ಸಲ ಸಿಟ್ಟು ಬಂತು. ಎರಡನೇ ಸಲ ನಗು ಬಂತು. ಮೂರನೇ ಸಲ ನನ್ನ ಮಾವನಿಗೆ ಓದಿ ಹೇಳುವಾಗ ಅಳು ಬಂತು. ನಾಲ್ಕನೇ ಸಲಕ್ಕೆ ಏನೂ ಬರಲಿಲ್ಲ, ಸುಸ್ತು ಮಾತ್ರ ಉಳಿಯಿತು. ಈ ಪತ್ರವನ್ನು ಆ ಸುಸ್ತಿನಲ್ಲೇ ಬರೆಯುತ್ತಿದ್ದೇನೆ. ನನಗೆ ನಲವತ್ತಾರು ವರ್ಷ, ಬುಕ್ಕಾಪಟ್ಟಣ ಹೋಬಳಿಯ ಒಂದು ಸಣ್ಣ ಹಳ್ಳಿಯವಳು, ಹತ್ತನೇ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಓದಿದವಳು. ಕಚೇರಿಗೆ ಕೊಟ್ಟ ಮೂರು ಅರ್ಜಿಗೂ ಉತ್ತರ ಇಲ್ಲ. ಪತ್ರಿಕೆಯಲ್ಲಿ ಬಂದರೆ ತಮ್ಮ ಮೇಜಿನ ಮೇಲೆ ಯಾರಾದರೂ ಇಡಬಹುದು, ಬಜ್ಜಿ ಕಟ್ಟಿಕೊಂಡು ಬಂದ ಕಾಗದವಾಗಿಯಾದರೂ.

ತಪ್ಪು ನನ್ನದೂ ಇದೆ, ಮೊದಲು ಅದನ್ನೇ ಹೇಳಿಬಿಡುತ್ತೇನೆ. ಜನವರಿಯಲ್ಲಿ ಚೀಟಿ ನವೀಕರಣಕ್ಕೆ ಹೊಸ ಫಾರಂ ಬಂದಿತ್ತು. ಹಳೆಯ ಫಾರಂನಲ್ಲಿ ಸರ್ವೆ ನಂಬರು, ವಿಸ್ತೀರ್ಣ, ಬೆಳೆ ಬರೆದರೆ ಮುಗಿಯುತ್ತಿತ್ತು. ಹೊಸದರಲ್ಲಿ ‘ಹಂಗಾಮು’ ಎಂಬ ಕಾಲಂ ಸೇರಿಸಿದ್ದಿರಿ. ಕೌಂಟರಿನಲ್ಲಿ ಕುಳಿತಿದ್ದ ಲೋಹಿತಾ ಅವರನ್ನು ಕೇಳಿದೆ. ಒಳ್ಳೆಯ ಹುಡುಗಿ, ತಮ್ಮ ಕಚೇರಿಯಲ್ಲಿ ತಲೆಯೆತ್ತಿ ಮಾತಾಡುವವರು ಅವರೊಬ್ಬರೇ. “ಅಮ್ಮಾ, ಯಾವಾಗ ಬೆಳೀತೀರೋ ಅದ್ನೇ ಬರೀರಿ. ಖಾಲಿ ಮಾತ್ರ ಬುಡಬ್ಯಾಡಿ, ಖಾಲಿ ಬುಟ್ರೆ ವಾಪಸ್ ಬತ್ತದೆ” ಎಂದರು. ನಾನು ಯಾವಾಗ ಬೆಳೆಯುತ್ತೇನೋ ಅದನ್ನೇ ಬರೆದೆ. ಚೀಟಿ ಹೋದ ಮೇಲೆ ಅದೇ ಲೋಹಿತಾ ಹಣೆ ಹಣೆ ಚಚ್ಚಿಕೊಂಡು ಹೇಳಿದರು: “ಬೇಸಿಗೆ ಅಂತ ಬರ್ದಿದ್ರೆ ಆಗೋಗ್ತಿತ್ತಲ್ಲಮ್ಮಾ!” ಆಗಿಹೋಗುತ್ತಿತ್ತು, ನಿಜ. ಆದರೆ ಈ ವರ್ಷ ರಂಜಾನ್ ಶುರುವಾದದ್ದು ಫೆಬ್ರವರಿ ಮೂರನೇ ವಾರ. ಬರುವ ವರ್ಷ ಫೆಬ್ರವರಿ ಎರಡನೇ ವಾರ. ಇನ್ನು ನಾಲ್ಕು ವರ್ಷಕ್ಕೆ ಜನವರಿ ಮೊದಲಲ್ಲಿ ಒಂದು ರಂಜಾನ್, ಅದೇ ವರ್ಷ ಡಿಸೆಂಬರ್ ಕೊನೆಯಲ್ಲಿ ಇನ್ನೊಂದು. ಆಗ ಚಳಿಯಲ್ಲಿ ಹಲ್ಲು ಕಡಿಯುತ್ತಾ ‘ಬೇಸಿಗೆ’ ಎಂದು ಬರೆಯಬೇಕಿತ್ತೇ? ಸುಳ್ಳು ಬರೆದಿದ್ದರೆ ನಾನು ರೈತಳು, ನಿಜ ಬರೆದದ್ದಕ್ಕೆ ವ್ಯಾಪಾರಿ.

ಈ ಹಂಗಾಮು ಎಂಬ ಪದದ ಬಗ್ಗೆಯೂ ಒಂದು ಮಾತು. ಶಾಲೆಯಲ್ಲಿ ನಮಗೆ ಮುಂಗಾರು ಹಂಗಾಮು, ಹಿಂಗಾರು ಹಂಗಾಮು ಎಂದು ಕಲಿಸಿದ್ದರು. ತಮ್ಮ ಕೋಣೆಯ ಬಾಗಿಲ ಫಲಕದಲ್ಲಿ ‘ಹಂಗಾಮಿ ಅಧಿಕಾರಿ’ ಎಂದಿದೆ, ಅಂದರೆ ಖಾಯಂ ಅಲ್ಲದವರು, ಸದ್ಯಕ್ಕೆ ಕುಳಿತವರು. ನಮ್ಮ ಮನೆಮಾತಿನಲ್ಲಿ ‘ಹಂಗಾಮಾ’ ಎಂದರೆ ಗಲಾಟೆ. ಮೂರೂ ಅಣ್ಣತಮ್ಮಂದಿರಂತೆ ಕಾಣುತ್ತವೆ. ಹಂಗಾಮಿಯವರೊಬ್ಬರು ಹಂಗಾಮು ಕೇಳಿದರು, ಹಂಗಾಮಾ ಆಯಿತು. ನಮ್ಮ ಮನೆಯಿಂದಲೇ ಬಂದಂತಿರುವ ಪದದಿಂದ ನಮ್ಮನ್ನೇ ಹೊರಗೆ ಹಾಕಿದಿರಲ್ಲ, ಅದಕ್ಕೆ ಬೇಸರ.

ಈಗ ಪುದೀನಾ ವಿಚಾರ. ನನ್ನ ಮಾವ ಕರೀಮ್ ಸಾಬ್ ಮೊದಲು ಕಲಾಯಿ ಹಾಕುತ್ತಿದ್ದರು. ಶಿರಾದಿಂದ ಬುಕ್ಕಾಪಟ್ಟಣದವರೆಗೆ ಊರೂರು ತಿರುಗಿ ಹಿತ್ತಾಳೆ ಪಾತ್ರೆಗೆ ತವರ ಬಳಿಯುವ ಕೆಲಸ. ಸ್ಟೀಲ್ ಪಾತ್ರೆ ಬಂದವು, ಕಲಾಯಿ ಕೇಳುವವರಿಲ್ಲದಾಯಿತು. ಕೈಯಲ್ಲಿದ್ದದ್ದನ್ನೆಲ್ಲ ಸುರಿದು ಒಂದು ಎಕರೆ ಆರು ಗುಂಟೆ ಕೊಂಡರು. ಅಷ್ಟು ನೆಲದಲ್ಲಿ ರಾಗಿ ಹಾಕಿದರೆ ಮನೆಗೆ ಮುದ್ದೆ, ಕಡಲೆಕಾಯಿ ಹಾಕಿದರೆ ಮಳೆಯ ಕೃಪೆ. ಎಲ್ಲರ ಜೊತೆ ಎಲ್ಲರಂತೆ ಟೊಮೆಟೊ ಹಾಕಿದ ವರ್ಷ ಅದನ್ನು ಕಿತ್ತ ಕೂಲಿಯೂ ಹುಟ್ಟಲಿಲ್ಲ. ಹತ್ತು ಎಕರೆಯವನು ಕಿಲೋಗೆ ನಾಲ್ಕು ರೂಪಾಯಿ ಸಿಕ್ಕರೂ ಲೋಡುಗಟ್ಟಲೆ ಕಳಿಸಿ ಹೇಗೋ ಬದುಕಿಕೊಳ್ಳುತ್ತಾನೆ. ಒಂದು ಎಕರೆಯವನಿಗೆ ಲೋಡು ಎಲ್ಲಿಂದ ಬರಬೇಕು? ಹತ್ತು ಎಕರೆಯವನ ಹತ್ತಿರ ಇಲ್ಲದ ಹೊತ್ತಿನಲ್ಲಿ ತನ್ನ ಹತ್ತಿರ ಇರುವಂತೆ ಮಾಡುವುದೊಂದೇ ದಾರಿ. ಯಾರ ಹತ್ತಿರವೂ ಕೊತ್ತಂಬರಿ ಇಲ್ಲದಾಗ ಒಂದು ಕಟ್ಟು ಹದಿನೈದು, ಇಪ್ಪತ್ತು; ಎಲ್ಲರ ಹತ್ತಿರ ಇರುವಾಗ ಮೂರು. ಮಾವ ಹುಡುಕಿಕೊಂಡ ಹೊತ್ತು ರಂಜಾನ್. ಸಂಜೆ ಉಪವಾಸ ಬಿಡುವಾಗ ಶಿರಾದ ಯಾವ ಮನೆಯಲ್ಲೂ ಸೌತೆಕಾಯಿ, ಪುದೀನಾ ಇಲ್ಲದೆ ತಟ್ಟೆ ತುಂಬುವುದಿಲ್ಲ. ಒಂದು ತಿಂಗಳು, ದಿನವೂ ಬೇಕು, ದರದ ಚೌಕಾಸಿಯೂ ಕಡಿಮೆ. ಆ ಒಂದು ತಿಂಗಳ ಮಾರಾಟದ ಮೇಲೆ ನಮ್ಮ ವರ್ಷ ನಿಂತಿದೆ.

ಕೇಳಲು ಸಲೀಸು. ಆದರೆ ಈ ತಿಂಗಳು ಒಂದು ಕಡೆ ನಿಲ್ಲುವುದಿಲ್ಲ, ವರ್ಷ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ಮಾವ ಮೊದಲ ಸಲ ಪುದೀನಾ ಕೊಯ್ದದ್ದು ಫೆಬ್ರವರಿ ಕೊನೆಗೆ. ಆಮೇಲೆ ರಂಜಾನ್ ಚಳಿಗೆ ಹೋಯಿತು, ಸೌತೆ ಎಲೆಗೆ ಬೂದಿ ರೋಗ ಹತ್ತಿತು. ಮಳೆಗಾಲಕ್ಕೆ ಹೋಯಿತು, ಪುದೀನಾ ನಿಂತಲ್ಲೇ ಕೊಳೆಯಿತು. ಮೇ ತಿಂಗಳಿಗೆ ಹೋಯಿತು, ಕೊತ್ತಂಬರಿ ನಾಲ್ಕೆಲೆ ಬಿಡುವುದರೊಳಗೆ ಹೂವಿಗೆ ಹೋಯಿತು. ಪ್ರತಿ ಸಲವೂ ಮೊದಲಿನಿಂದ ಕಲಿಯಬೇಕು. ಕೊತ್ತಂಬರಿ ಬೀಜವನ್ನು ಹಳೆಯ ಚಪ್ಪಲಿಯ ಅಡಿಯಲ್ಲಿ ಉಜ್ಜಿ ಎರಡು ಹೋಳು ಮಾಡಿ ಒದ್ದೆ ಗೋಣಿಯಲ್ಲಿ ಕಟ್ಟಿಟ್ಟರೆ ಬಿಸಿಲಿನಲ್ಲೂ ಮೊಳೆಯುತ್ತದೆ. ಊರ ಹೆಂಗಸರ ಹಳೆಯ ಸೀರೆಗಳನ್ನು ಕಂಬಕ್ಕೆ ಕಟ್ಟಿ ನೆರಳು ಮಾಡಿದ್ದೂ ಉಂಟು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಹೊಲದ ತುಂಬಾ ಸೀರೆ ಹಾರಾಡುವುದನ್ನು ನೋಡಿ, ಇವರು ಬೆಳೆಯುವುದು ತರಕಾರಿಯೋ ಬಟ್ಟೆಯೋ ಎಂದುಕೊಂಡಿದ್ದೆ. ಈಗ ನೆರಳು ಬಲೆ ಇದೆ, ಒಂದೂವರೆ ಇಂಚು ನೀರಿನ ಬೋರ್‌ವೆಲ್ ಇದೆ, ನನ್ನ ಗಂಡ ಅಸ್ಲಂ ನೀರು ನೋಡಿಕೊಳ್ಳುತ್ತಾರೆ. ಬೆಳೆದದ್ದರಲ್ಲಿ ಅರ್ಧ ಕೈಕೊಡುತ್ತದೆ. ಉಳಿದರ್ಧಕ್ಕೆ ಒಳ್ಳೆಯ ಬೆಲೆ ಸಿಕ್ಕರೆ ಮಾತ್ರ ಲೆಕ್ಕ ಸರಿಹೋಗುವುದು. ಆ ಒಳ್ಳೆಯ ಬೆಲೆ ಕೊಳ್ಳುವವರ ಎದುರು ನಾವೇ ಕುಳಿತಾಗ ಮಾತ್ರ ಸಿಗುತ್ತದೆ ಎಂಬುದನ್ನು ದಯವಿಟ್ಟು ನೆನಪಿಡಿ, ಮುಂದೆ ಬೇಕಾಗುತ್ತದೆ.

ಇದು ಸಾಬರ ಹೊಲದ ಕಥೆ ಮಾತ್ರ ಅಂದುಕೊಳ್ಳಬೇಡಿ. ಪಕ್ಕದ ಹೊಲದ ಪರ್ವತಯ್ಯನವರೂ ರಂಜಾನಿಗೇ ಬೆಳೆಯುತ್ತಾರೆ. ಪೂಜೆ ಮಾಡದೆ ಗುದ್ದಲಿ ಹಿಡಿಯದ ಮನುಷ್ಯ, ಆದರೆ ರೋಜಾ, ಅಂದರೆ ನಮ್ಮ ಉಪವಾಸ, ಯಾವಾಗ ಎಂದು ನಮ್ಮೂರಿನ ಹಲವು ಸಾಬರಿಗಿಂತ ಅವರಿಗೆ ಚೆನ್ನಾಗಿ ಗೊತ್ತು. ಗೊತ್ತು ಎಂದು ಅವರು ನಂಬಿದ್ದರು. ಮೂರು ವರ್ಷ ಸತತವಾಗಿ ಯುಗಾದಿ ಚಂದ್ರ ಕಂಡ ಆಸುಪಾಸಿನಲ್ಲೇ ರಂಜಾನ್ ಶುರುವಾಗಿತ್ತು. ಯುಗಾದಿ ಚಂದ್ರನೇ ರೋಜಾ ಚಂದ್ರ ಎಂದು ಅವರ ತಲೆಯಲ್ಲಿ ಕೂತುಬಿಟ್ಟಿತು. ಎರಡು ವರ್ಷದ ಹಿಂದೆ, ಇಬ್ಬರಿಗೂ ಸೇರಿದ ಬೋರಿನ ನೀರಿನ ಪಾಳಿ ವಿಚಾರಕ್ಕೆ ನನ್ನ ಮಾವನ ಜೊತೆ ಮಾತು ಬಿಟ್ಟಿದ್ದರು. ಕೇಳುವುದು ಹೇಗೆ? ಪಂಚಾಂಗ ತೆಗೆದು ಯುಗಾದಿ ನೋಡಿ, ಅಲ್ಲಿಂದ ಹಿಂದಕ್ಕೆ ದಿನ ಎಣಿಸಿ ಅರ್ಧ ಎಕರೆ ಸೌತೆ ಹಾಕಿದರು. ಸೌತೆ ಬಳ್ಳಿಯಲ್ಲಿ ಕಾಯಿ ಇಳಿಯಿತು, ಯುಗಾದಿಯೂ ಬಂತು. ಯುಗಾದಿ ಆಗಿ ಎರಡು ದಿನಕ್ಕೆ ನಮ್ಮ ಹಬ್ಬವೂ ಮುಗಿಯಿತು. ರಂಜಾನ್ ಆ ವರ್ಷ ಯುಗಾದಿಗೆ ಒಂದು ತಿಂಗಳು ಮುಂಚೆಯೇ ಬಂದು ಹೋಗಿತ್ತು.

ಆ ಸೌತೆಯನ್ನೆಲ್ಲ ಕುರಿಗಳು ತಿಂದವು. ಮಾವ ತಡೆಯಲಾರದೆ ಬದು ದಾಟಿ ಹೋಗಿ ಪಕ್ಕದಲ್ಲಿ ಕುಳಿತರು. “ಅಲ್ಲ ಕಣಯ್ಯಾ, ಹೋದ್ ವರ್ಷ ಅಧಿಕ ಮಾಸ ಬಂದಿತ್ತಲ್ಲ, ಮರ್ತ್ಬುಟ್ಟಾ? ನಿಮ್ ಚಂದ್ರ ಮೂರು ವರ್ಷಕ್ಕೊಂದ್ ಸಲ ನಿಂತ್ಕಂಡು ಸುಧಾರಿಸ್ಕಂತಾನೆ. ನಮ್ ಚಂದ್ರಂಗೆ ನಿಲ್ಲೋದೇ ಗೊತ್ತಿಲ್ಲ” ಎಂದರು. ಪರ್ವತಯ್ಯನವರು “ಇಷ್ಟು ದಿನ ಯಾಕೆ ಹೇಳ್ಲಿಲ್ಲ?” ಎಂದರು. “ನೀನು ಮಾತು ಬುಟ್ಟಿದ್ಯಲ್ಲೋ!” ಅಂದಿನಿಂದ ನಮ್ಮ ಪಂಪ್‌ಹೌಸಿನಲ್ಲಿ ಒಂದೇ ಮೊಳೆಗೆ ಎರಡು ಕ್ಯಾಲೆಂಡರ್ ನೇತುಹಾಕಿದೆ, ಒಂದು ಅವರ ಪಂಚಾಂಗದ್ದು, ಇನ್ನೊಂದು ನಮ್ಮ ಉರ್ದು ಕ್ಯಾಲೆಂಡರ್. ಬರುವ ತಿಂಗಳು ಮತ್ತೆ ಅಧಿಕ ಮಾಸ. ಪರ್ವತಯ್ಯನವರು ಅದರ ಸುತ್ತ ಈಗಾಗಲೇ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದಾರೆ. ಅಂದಹಾಗೆ, ಅವರ ಹಸಿರು ಚೀಟಿ ನವೀಕರಣವಾಗಿದೆ. ಅವರು ಹಂಗಾಮು ಕಾಲಂನಲ್ಲಿ ‘ಯುಗಾದಿ’ ಎಂದು ಬರೆದಿದ್ದರು. ಅದು ಹಂಗಾಮು ಹೌದಂತೆ.

ಇದಕ್ಕೆ ನಾನೇನೂ ಅರ್ಥ ಹಚ್ಚುವುದಿಲ್ಲ. ಪರ್ವತಯ್ಯನವರೇ ಅವರ ಚೀಟಿ ಹಿಡಿದುಕೊಂಡು ತಮ್ಮ ಕಚೇರಿಗೆ ಬಂದು, “ಸ್ವಾಮಿ, ಅವ್ರು ಬೆಳೆಯೋದೂ ನಾನು ಬೆಳೆಯೋದೂ ಒಂದೇ ಪುದೀನಾ, ಒಂದೇ ಬೋರಿನ ನೀರು” ಎಂದು ಹೇಳಿದ್ದಾರೆ. ಅವರಿಗೆ ಏನು ಉತ್ತರ ಸಿಕ್ಕಿತೆಂದು ನನಗೆ ಹೇಳಲಿಲ್ಲ. ಮನೆಗೆ ಬಂದವರು ಎರಡು ದಿನ ನಮ್ಮ ಕಡೆ ತಲೆಯೆತ್ತಿ ನೋಡಲಿಲ್ಲ.

ಅಕಾಲದಲ್ಲಿ ತರಕಾರಿ ಬೆಳೆಯಿರೆಂದು ನಮಗೆ ಹೇಳಿಕೊಟ್ಟವರಾದರೂ ಯಾರು? ಐದು ವರ್ಷದ ಹಿಂದೆ ತಮ್ಮ ಕುರ್ಚಿಯಲ್ಲಿದ್ದವರು ಮಧುಗಿರಿಯಲ್ಲಿ ಎರಡು ದಿನದ ತರಬೇತಿ ಇಟ್ಟಿದ್ದರು. ದೊಡ್ಡೇರಿ, ಐ.ಡಿ.ಹಳ್ಳಿ, ಕೊರಟಗೆರೆ, ಪಾವಗಡ, ಎಲ್ಲ ಕಡೆಯಿಂದ ಸಣ್ಣ ಹಿಡುವಳಿದಾರರು ಬಂದಿದ್ದರು. ಗೋಡೆಯ ಮೇಲೆ ಚಿತ್ರ ಬಿಟ್ಟು, ‘ಅಕಾಲದಲ್ಲಿ ಬೆಳೆಯಿರಿ, ಸಕಾಲದಲ್ಲಿ ಗಳಿಸಿರಿ’ ಎಂದರು. ಎಲ್ಲರಿಗೂ ಒಂದೇ ಸೌತೆ ಬೀಜದ ಪೊಟ್ಟಣ, ಎಲ್ಲರಿಗೂ ಬಿತ್ತಲು ಒಂದೇ ವಾರ. ಎಲ್ಲರೂ ಬಿತ್ತಿದರು. ಅಕಾಲದ ಸೌತೆ ನಾಲ್ಕು ತಾಲ್ಲೂಕಿನಲ್ಲಿ ಒಂದೇ ವಾರ ಕೊಯ್ಲಿಗೆ ಬಂದು ಚೀಲಕ್ಕೆ ಕೇಳುವವರಿಲ್ಲದೆ ರಸ್ತೆ ಬದಿಗೆ ಬಿತ್ತು. ಮಾವ ಬೀಜದ ಪೊಟ್ಟಣವನ್ನು ಒಡೆಯದೆ ಹಾಗೆಯೇ ಇಟ್ಟಿದ್ದರು. “ಎಲ್ರೂ ಕೂಡ್ಕಂಡು ಅಕಾಲ ಮಾಡುದ್ರೆ ಅದೇ ಕಾಲ ಆಯ್ತದೆ ಕಣಮ್ಮ” ಎಂದಿದ್ದರು. ಇಷ್ಟು ಸಣ್ಣ ಲೆಕ್ಕ ತರಬೇತಿಯಲ್ಲಿ ಯಾಕೆ ಹೇಳಲಿಲ್ಲವೋ ಗೊತ್ತಿಲ್ಲ. ಆದರೂ ನಮ್ಮ ನೆರಳು ಬಲೆಗೆ ಅರ್ಧ ಸಹಾಯಧನ ಕೊಟ್ಟವರು ಅವರೇ, ಅದನ್ನು ಮರೆಯುವವಳಲ್ಲ. ಹೊಲದ ಬದುವಿನಲ್ಲಿ ಹಳದಿ ಫಲಕವೊಂದನ್ನೂ ನೆಟ್ಟು ಹೋದರು: ‘ಅಕಾಲಿಕ ತರಕಾರಿ ಪ್ರಾತ್ಯಕ್ಷಿಕೆ ತಾಕು’. ಅದು ಇವತ್ತಿಗೂ ಇದೆ, ಸ್ವಲ್ಪ ತುಕ್ಕು ಹಿಡಿದಿದೆ.

ಚೀಟಿ ಕಿತ್ತುಕೊಳ್ಳುವ ಮೂರು ದಿನ ಮೊದಲು, ಗುರುವಾರ ಮಧ್ಯಾಹ್ನ, ತಮ್ಮ ಪರಿಶೀಲನಾ ಸಿಬ್ಬಂದಿ ಇಬ್ಬರು ಬಂದರು. ಬೈಕನ್ನು ಅದೇ ಹಳದಿ ಫಲಕಕ್ಕೆ ಒರಗಿಸಿ ನಿಲ್ಲಿಸಿದರು. ನಾವು ರೋಜಾದಲ್ಲಿದ್ದೆವು, ಅವರಿಗೆ ಮಜ್ಜಿಗೆ ಕೊಟ್ಟೆ, ಕುಡಿದರು. ಬಲೆಯೊಳಗೆ ಬಂದರು, ಮಡಿಗಳ ನಡುವೆ ಓಡಾಡಿದರು, ಫೋಟೋ ತೆಗೆದರು. ಅವರಲ್ಲಿ ಹಿರಿಯರು ಕೇಳಿದರು: “ಯಾರಿಗೆ ಗುತ್ತಿಗೆ ಕೊಟ್ಟಿದೀರಿ?” ಯಾರಿಗೂ ಇಲ್ಲ, ನಾವೇ ಮಾಡುತ್ತೇವೆ ಎಂದೆ. “ನಿಮ್ಮೋರು ವ್ಯವಸಾಯ ಮಾಡೋದು ನಾ ಎಲ್ಲೂ ಕಂಡಿಲ್ಲಪ್ಪ. ನಿಮ್ಮೋರ್ದು ಅಂದ್ರೆ ವ್ಯಾಪಾರ ಅಲ್ವಾ?” ಎಂದರು. ಕೆಟ್ಟ ಮನಸ್ಸಿನಿಂದ ಅಂದ ಹಾಗಿರಲಿಲ್ಲ, ಗೊತ್ತಿರುವ ವಿಷಯ ಹೇಳಿದ ಹಾಗೆ ಅಂದರು. ಹೌದು, ನಮ್ಮವರಲ್ಲಿ ವ್ಯಾಪಾರಿಗಳಿದ್ದಾರೆ. ನನ್ನ ಸ್ವಂತ ಅಣ್ಣ ಶಿರಾದಲ್ಲಿ ಬಳೆ ಅಂಗಡಿ ಇಟ್ಟಿದ್ದಾನೆ. ಅವನು ಬಳೆಗೆ ರೋಗ ಬಂತೆಂದು ಯಾವತ್ತೂ ಬೆಳಿಗ್ಗೆ ಎದ್ದು ಹೋಗಿ ನೋಡಿಕೊಂಡಿಲ್ಲ. ವ್ಯಾಪಾರಿ ಎಂದರೆ ನನಗೆ ಅವಮಾನವಲ್ಲ, ಒಮ್ಮೊಮ್ಮೆ ಹೊಟ್ಟೆಕಿಚ್ಚು ಕೂಡ. ಆದರೆ ನಾನು ವ್ಯಾಪಾರಿಯಲ್ಲ, ಏನು ಮಾಡಲಿ?

ಹೊರಡುವಾಗ ಮಾವ ಅವರ ಕೈಗೆ ಆಗತಾನೆ ಕೊಯ್ದ ಪುದೀನಾ ಕಟ್ಟೊಂದನ್ನು ಕೊಟ್ಟರು. ಮನೆಗೆ ಬಂದವರನ್ನು ಬರಿಗೈಲಿ ಕಳಿಸುವ ಅಭ್ಯಾಸ ಅವರಿಗಿಲ್ಲ. ಅದನ್ನು ತೆಗೆದುಕೊಳ್ಳಲು ಆ ಹಿರಿಯರು ಸ್ವಲ್ಪ ಹಿಂಜರಿದು, ಆಮೇಲೆ ನಿಯಮ ನೆನಪಾಗಿ, ಮಹಜರಿನ ಕೊನೆಗೆ ಒಂದು ಸಾಲು ಸೇರಿಸಿ ಸಹಿ ಮಾಡಿದರು: “ಸದರಿ ತಾಕಿನಿಂದ ಪುದೀನಾ ಒಂದು ಕಟ್ಟು ಮಾದರಿಯಾಗಿ ಪಡೆಯಲಾಗಿದೆ.” ಅದರ ಪ್ರತಿ ನನ್ನ ಹತ್ತಿರ ಇದೆ, ಅದರ ಮೇಲೆ ತಮ್ಮ ಕಚೇರಿಯ ಮೊಹರಿದೆ. ಮಾನ್ಯರೇ, ಪುದೀನಾ ಬೆಳೆಯದ ಹೊಲದಿಂದ ಪುದೀನಾ ಕಟ್ಟು ಪಡೆದದ್ದಾದರೂ ಹೇಗೆ?

ಆ ಭಾನುವಾರದ ಬಗ್ಗೆ ಹೆಚ್ಚು ಬರೆಯುವ ಮನಸ್ಸಿಲ್ಲ, ಆದರೆ ಬರೆಯದೆ ಈ ಪತ್ರಕ್ಕೆ ಅರ್ಥವೂ ಇಲ್ಲ. ಚಂದ್ರನ ತಿಂಗಳು ಇಡೀ ವರ್ಷವನ್ನು ಸುತ್ತಿ ಹೊರಟ ಕಡೆಗೇ ಬರಲು ಮೂವತ್ತಮೂರು ವರ್ಷ ಬೇಕು. ಮಾವ ಪುದೀನಾ ಹಾಕಿದ ಮೊದಲ ರಂಜಾನಿನಿಂದ ಈ ರಂಜಾನಿಗೆ ಸರಿಯಾಗಿ ಮೂವತ್ತಮೂರು. ಚಳಿ, ಮಳೆ, ಬಿಸಿಲು ಎಲ್ಲ ತಿಂಗಳಲ್ಲೂ ಒಂದೊಂದು ಸಲ ಬೆಳೆದು ಮತ್ತೆ ಫೆಬ್ರವರಿಗೆ ಬಂದಿದ್ದರು. ಅವರಿಗೀಗ ಎಪ್ಪತ್ತೆಂಟು. “ಒಂದ್ ಸುತ್ತು ಪೂರಾ ಆಯ್ತು ಬೇಟಿ, ಕಡೇ ಭಾನುವಾರ ನಾನೇ ಕೂತ್ಕಂತೀನಿ” ಎಂದು ಬಿಳಿ ಜುಬ್ಬ ಹಾಕಿಕೊಂಡು ನನ್ನ ಪಕ್ಕ ಕಟ್ಟೆಯ ಮೇಲೆ ಕುಳಿತಿದ್ದರು. ಹೋಗಿಬರುವವರಿಗೆಲ್ಲ ಸುತ್ತಿನ ಕಥೆ ಹೇಳುತ್ತಿದ್ದರು, ಕೆಲವರಿಗೆ ಎರಡೆರಡು ಸಲ. ಒಂಬತ್ತು ಗಂಟೆಗೆ ತಮ್ಮ ಸಿಬ್ಬಂದಿ ಬಂದು ಚೀಟಿ ಕೇಳಿ ತೆಗೆದುಕೊಂಡು, ‘ಇವರು ರೈತರಲ್ಲ, ಚೀಟಿ ರದ್ದು’ ಎಂದು ಎಲ್ಲರಿಗೂ ಕೇಳುವ ಹಾಗೆ ಓದಿದರು. ಪಕ್ಕದ ಕಟ್ಟೆಯಲ್ಲಿ ನುಗ್ಗೆಕಾಯಿ ಮಾರುವ ಪೆದ್ದಮ್ಮ, ಪಾವಗಡದ ಕಡೆಯ ತೆಲುಗು ಮನೆಮಾತಿನವರು, ಎದ್ದು ನಿಂತು ಜಗಳಕ್ಕೇ ಹೋದರು: “ಏಮಯ್ಯಾ, ಈಕೆ ರೈತು ಕಾದಾ? ಮತ್ತೆ ಆ ಪುದೀನಾ ಏನು ಆಕಾಶದಿಂದ ಉದುರ್ತಾ?” ಮಾವ ನನ್ನನ್ನು ಮೆಲ್ಲಗೆ ಕೇಳಿದರು, “ರೈತ ಅಲ್ಲ ಅಂದ್ರಾ?” ಎಂದು. ನಾನು ಹೌದು ಎಂದೆ. ಬುಟ್ಟಿಗಳನ್ನು ಗೇಟಿನ ಹೊರಗೆ ಹೊತ್ತುಕೊಂಡು ಹೋದೆವು.

ನನ್ನ ಮಾವ ಕಲಾಯಿಗಾರರಾಗಿದ್ದಾಗ ಊರಿನವರು ಅವರನ್ನು ‘ಕಲಾಯಿ ಸಾಬಿ’ ಎಂದು ಕರೆಯುತ್ತಿದ್ದರು. ಹೊಲ ಕೊಂಡು ಹತ್ತು ವರ್ಷವಾದರೂ ಅದೇ ಹೆಸರು. ತಮ್ಮ ಕಚೇರಿಯ ಚೀಟಿ ಮನೆಗೆ ಬಂದ ದಿನ ಅದರಲ್ಲಿ ‘ರೈತ’ ಎಂಬುದು ಎಲ್ಲಿದೆ ಎಂದು ನನ್ನಿಂದ ಬೆರಳಿಟ್ಟು ತೋರಿಸಿಕೊಂಡಿದ್ದರು. ಚೀಟಿ ನನ್ನ ಹೆಸರಲ್ಲಿದೆ, ಪಹಣಿ ಅವರ ಹೆಸರಲ್ಲಿದೆ, ಆ ಒಂದು ಪದ ಮಾತ್ರ ಅವರದೇ ಎಂದು ನಾವೆಲ್ಲ ಬಿಟ್ಟುಕೊಟ್ಟಿದ್ದೆವು. ಆ ಭಾನುವಾರದ ನಂತರ ಅವರು ಸಂತೆಯ ದಿನ ಹಾಸಿಗೆಯಿಂದ ತಡವಾಗಿ ಏಳುತ್ತಾರೆ. ಹೊಲಕ್ಕೆ ಹೋಗುತ್ತಾರೆ, ಕೆಲಸ ಮಾಡುತ್ತಾರೆ, ಮಾತು ಕಡಿಮೆಯಾಗಿದೆ. ನನಗೆ ಇದರಿಂದ ಆಗಿರುವ ನೋವು ಹೇಳಿ ತೀರುವಂಥದಲ್ಲ.

ಇನ್ನು ವ್ಯವಹಾರದ ಮಾತು. ಚೀಟಿ ಇಲ್ಲದ ಮೇಲೆ ಮಂಡಿಗೆ ಹಾಕಬೇಕು. ಮಂಡಿಯಲ್ಲಿ ದಲ್ಲಾಳಿಯ ಕಮಿಷನ್, ಹಮಾಲಿ, ‘ಬಾಡಿದೆ’ ಎಂದು ಕಿತ್ತೆಸೆಯುವ ನಾಲ್ಕು ಕಟ್ಟು. ನಾವು ಹದಿನೈದಕ್ಕೆ ಮಾರುತ್ತಿದ್ದ ಕಟ್ಟಿಗೆ ಆರು ಸಿಗುತ್ತದೆ. ಅದೇ ಕಟ್ಟು ಮಂಡಿಯ ಆ ಬಾಗಿಲಿನಿಂದ ಹೊರಗೆ ಹೋಗಿ ಇಪ್ಪತ್ತಕ್ಕೆ ಮಾರಾಟವಾಗುತ್ತದೆ. ಅಕಾಲದಲ್ಲಿ ಬೆಳೆಯುವ ಖರ್ಚು ಕಾಲದಲ್ಲಿ ಬೆಳೆಯುವುದರ ಮೂರರಷ್ಟು. ಬಲೆ, ನೀರು, ಕೂಲಿ, ಹಾಳಾಗುವ ಅರ್ಧ ಬೆಳೆ, ಇಷ್ಟೂ ನಮ್ಮದು, ಅಕಾಲದ ಬೆಲೆ ಮಾತ್ರ ಕೊಳ್ಳುವವರ ಎದುರಿಗೆ ಕುಳಿತವನದು. ಇದನ್ನು ಅರ್ಥಮಾಡಿಕೊಳ್ಳಲು ಮಧುಗಿರಿಯ ತರಬೇತಿ ಬೇಕಿಲ್ಲ. ಒಂದು ಎಕರೆಯವರಿಗೆ ಆ ಮೂವತ್ತೊಂದನೇ ಕಟ್ಟೆ ಇಲ್ಲದಿದ್ದರೆ ಅಕಾಲದ ಬೆಳೆ ಬರೀ ಶೋಕಿ.

ಬಕ್ರೀದ್‌ಗೆ ಇನ್ನು ಐದು ವಾರ. ಬಲೆಯ ಕೆಳಗೆ ಕೊತ್ತಂಬರಿ ಬಿತ್ತಿ ಆಗಿದೆ, ಚಪ್ಪಲಿಯಲ್ಲಿ ಉಜ್ಜಿದ ಬೀಜ, ಎರಡೆಲೆ ಬಿಟ್ಟಿದೆ. ಪುದೀನಾ ಕೊಯ್ಲಾದ ಮೇಲೆ ಮತ್ತೆ ಚಿಗುರಿದೆ. ಅವಕ್ಕೆ ಹಿಂಬರಹ ತಲುಪಿಲ್ಲ, ಬೆಳೆಯುತ್ತಿವೆ. ಅವು ಕೊಯ್ಲಿಗೆ ಬರುವ ಮೊದಲು ನನ್ನ ಚೀಟಿ ನನಗೆ ಬರಬೇಕು. ಬರುವ ಭಾನುವಾರದ ಸಂತೆಯ ಹೊತ್ತಿಗೆ ಮೂವತ್ತೊಂದನೇ ಕಟ್ಟೆಯನ್ನು ತೆರವು ಮಾಡಿಸಿಕೊಡಿ. ಫಾರಂನ ಹಂಗಾಮು ಕಾಲಂ ತೆಗೆಯಿರಿ. ತೆಗೆಯಲು ಮೇಲಿನವರ ಅಪ್ಪಣೆ ಬೇಕಾದರೆ, ಯುಗಾದಿಯನ್ನು ಒಪ್ಪಿಕೊಂಡ ಕಾಲಂ ರಂಜಾನನ್ನೂ ಒಪ್ಪಿಕೊಳ್ಳಲಿ. ರೈತರಲ್ಲ ಎಂದು ಓದಿದ ಹಾಗೆಯೇ ರೈತ ಎಂಬ ಪದವನ್ನೂ, ಎಲ್ಲರಿಗೂ ಕೇಳುವಂತೆ, ಅದೇ ಕಟ್ಟೆಯ ಎದುರು ನನ್ನ ಮಾವನಿಗೆ ಓದಿ ಹೇಳಿ.

ಇದ್ಯಾವುದೂ ಸಾಧ್ಯವಿಲ್ಲವೆಂದಾದರೆ ಇನ್ನೊಂದು ಲೆಕ್ಕ ಬಾಕಿ ಇದೆ. ಆ ಗುರುವಾರ ತಮ್ಮ ಸಿಬ್ಬಂದಿ ಮಾದರಿಯಾಗಿ ಒಯ್ದ ಪುದೀನಾ ಕಟ್ಟು ಯಾರ ಮನೆಯ ಚಟ್ನಿಯಾಯಿತೋ ನಾನು ಕೇಳುವುದಿಲ್ಲ. ಆದರೆ ನಾವು ವ್ಯಾಪಾರಿಗಳು ಎಂಬುದು ತಮ್ಮ ಖಚಿತ ತೀರ್ಮಾನವಾದರೆ ಅದು ಕೊಂಡು ತಂದ ಮಾಲು, ಅದರ ಬೆಲೆ ಹದಿನೈದು ರೂಪಾಯಿ. ದಯವಿಟ್ಟು ರಸೀದಿ ಸಹಿತ ಪಾವತಿಸಿ. ನಾವು ರೈತರಾದರೆ ಅದು ನನ್ನ ಮಾವ ತಾವು ಬೆಳೆದದ್ದನ್ನು ಮನೆಗೆ ಬಂದವರ ಕೈಗೆ ಪ್ರೀತಿಯಿಂದ ಕೊಟ್ಟದ್ದು, ಅದಕ್ಕೆ ಬೆಲೆಯಿಲ್ಲ, ಕಾಸು ಬೇಡ. ಎರಡರಲ್ಲಿ ಯಾವುದು ಎಂದು ಬರವಣಿಗೆಯಲ್ಲಿ ತಿಳಿಸಿ. ಮಾವನಿಗೆ ಓದಿ ಹೇಳಬೇಕು.

ಇಂತಿ,
ತಾವು ಸರಿಪಡಿಸುವವರೆಗೆ ಹಂಗಾಮಿ ವ್ಯಾಪಾರಿ,
ಜಮೀಲಾ
(ಕಟ್ಟೆ ನಂಬರು ಮೂವತ್ತೊಂದು, ಸದ್ಯಕ್ಕೆ ಗೇಟಿನ ಹೊರಗೆ)